ನಡುಮನೆಯ ನಾಲ್ಕನೆಯ ಗೂಟ

ಭಾನುವಾರ ಬೆಳಿಗ್ಗೆ ನಾನು ಛತ್ರಿ ಹಿಡಿದು ಬಾಗಿಲು ದಾಟಿದರೆ ನಮ್ಮ ಅಣ್ಣನಿಗೆ ಈಗಲೂ ಕಾಫಿ ಇಳಿಯುವುದಿಲ್ಲ. ಎದುರು ಮನೆಯ ಜಗಲಿಯ ಮೇಲೆ ಲೋಟ ಹಿಡಿದು ಕೂತು ನನ್ನನ್ನೇ ನೋಡುತ್ತಿರುತ್ತಾನೆ. ನಾನು ಸೆರಗು ಸಿಕ್ಕಿಸಿ, ಚಪ್ಪಲಿಯ ಪಟ್ಟಿ ಬಿಗಿದು, ಗೆಟ್ಟವಾಡಿಯಿಂದ ರಾಜ್ಯದ ಗಡಿ ದಾಟಿ ಚಾಮರಾಜನಗರಕ್ಕೆ ಹೋಗುವ ಮೊದಲ ಬಸ್ಸಿಗೆ ಹೊರಟಿರುತ್ತೇನೆ. ನವರಾತ್ರಿ ಶುರುವಾದ ಮೇಲೆ ರಾಗಿ ಕೊಯ್ಲಿನವರೆಗೆ ಒಂದು ಭಾನುವಾರವನ್ನೂ ಬಿಡುವವಳಲ್ಲ ನಾನು. ಒಂದು ವಾರ ಹೂವಿನ ಪ್ರದರ್ಶನ, ಒಂದು ವಾರ ಶಾಲಾ ಮಕ್ಕಳ ಓಟ, ಇನ್ನೊಂದು ವಾರ ಯಾರೋ ಹವ್ಯಾಸಿಗಳ ನಾಟಕ. ಏನೂ ಇಲ್ಲದ ವಾರ ಉದ್ಯಾನದ ಕಲ್ಲುಬೆಂಚಿನ ಮೇಲೆ ಕೂತು ಹುರಿದ ಕಡಲೆಕಾಯಿ ತಿಂದು ಬರುತ್ತೇನೆ.

“ವಯ್ಸೇನಾಯ್ತು ಅಂತ ಗ್ಯಾನ ಅದಾ ನಿಂಗೆ? ಮೊಣ್‌ಕಾಲ್ ನೋವು ಅಂತ ನೆನ್ನೆ ಎಣ್ಣೆ ತಿಕ್ಕಂಡ್ ಕೂತಿದ್ದೆ. ಇವತ್ತು ಎಲ್ಲಿಗೆ?”

“ನಗರಕ್ಕೆ.”

“ಅಲ್ಲೇನದೆ?”

“ಜನ.”

ಅವನು ಮುಖ ಆ ಕಡೆ ತಿರುಗಿಸುತ್ತಾನೆ. ಆ ಒಂದು ಮಾತು ಅವನಿಗೆ ಯಾಕೆ ಚುಚ್ಚುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಮನೆಯಲ್ಲಿ ಕೂರು ಎನ್ನುವವನು ಅವನೊಬ್ಬನೇ ಅಲ್ಲ. ಡಾಕ್ಟರು ಹೇಳುತ್ತಾರೆ. ಸೊಸೆ ಸತ್ಯಮಂಗಲದಿಂದ ಫೋನ್ ಮಾಡಿ, ಅತ್ತೆ, ಬಸ್ಸಿನಲ್ಲಿ ನೂಕುನುಗ್ಗಲು, ಬೇಕಾದ್ದನ್ನು ನಾವೇ ತಂದುಕೊಡುತ್ತೇವೆ ಎನ್ನುತ್ತಾಳೆ. ಭಾನುವಾರವನ್ನು ಯಾರೂ ತಂದುಕೊಡಲಾರರು. ಎಲ್ಲರಿಗೂ ನನ್ನದು ಒಂದೇ ಉತ್ತರ: ಇದು ನನ್ನ ಸರದಿ. ಸಂಜೆ ಹಿಂತಿರುಗಿ ಛತ್ರಿ ಒದರಿ, ಈಗ ನನ್ನ ಪಾಲಿಗೆ ಬಂದಿರುವ ಅಪ್ಪನ ಮನೆಯ ನಡುಮನೆಯಲ್ಲಿ ಗೋಡೆಯ ಗೂಟಕ್ಕೆ ತೂಗುಹಾಕುತ್ತೇನೆ. ಮನೆಗೆ ಹೊಸದಾಗಿ ಬಂದವರು ಅದನ್ನು ನೋಡಿ ಒಂದು ಗಳಿಗೆ ನಿಲ್ಲುತ್ತಾರೆ. ಯಾಕೆಂದರೆ ಮೊದಲ ಮೂರು ಗೂಟ ಹುಣಸೆಮರದವು, ಸಣ್ಣವು, ಒಂದೇ ಅಳತೆಯವು. ನನ್ನ ಛತ್ರಿ ತೂಗುವ ನಾಲ್ಕನೆಯದು ಗೂಟವೇ ಅಲ್ಲ, ರಾಗಿ ಹಿಟ್ಟು ತೊಳಸುವ ಕೋಲು. ತೋಳುದ್ದ ಹೊರಗೆ ಚಾಚಿಕೊಂಡಿದೆ. ಎತ್ತರದವರು ಬಗ್ಗಿ ಹೋಗಬೇಕು.

ನಮ್ಮ ಅಪ್ಪ ಪಟಾಲಮ್ಮಿನಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ ಅಡುಗೆಯ ಕಡೆ ಇದ್ದನಂತೆ, ಬಂದೂಕು ಹಿಡಿದವನಲ್ಲ. ಆದರೂ ಊರವರು ಅವನನ್ನು ಮಿಲ್ಟ್ರಿ ಎಂದೇ ಕರೆದರು, ಅವನೂ ಅದಕ್ಕೆ ತಕ್ಕಂತೆ ನಡೆದ. ಬರುವಾಗ ತಗಡಿನ ಪೆಟ್ಟಿಗೆ, ಒಂದು ಸೀಟಿ, ಒಂದು ದೊಡ್ಡ ಕರಿ ಛತ್ರಿ ತಂದಿದ್ದ. ಕೋಳಿ ಕೂಗುವುದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಸೀಟಿ ಕೂಗುತ್ತಿತ್ತು. ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಬೇಕು, ಕಂಬಳಿಯ ನಾಲ್ಕು ಮೂಲೆ ಕೂಡಬೇಕು, ಮುಖ ತೊಳೆದ ನೀರು ಕರಿಬೇವಿನ ಬುಡಕ್ಕೇ ಬೀಳಬೇಕು. ನಡುಮನೆಯ ಮಣ್ಣುಗೋಡೆಗೆ ಅವನೇ ಕೆತ್ತಿದ ನಾಲ್ಕು ಗೂಟ. ಮೊದಲನೆಯದು ಅಜ್ಜಿಯದು, ಎರಡನೆಯದು ಅವನದು, ಮೂರನೆಯದು ಅಣ್ಣ ನಂಜನದು, ನಾಲ್ಕನೆಯದು ನನ್ನದು. ಅವರವರ ಬಟ್ಟೆ, ಚೀಲ, ಟವೆಲ್ಲು ಅವರವರ ಗೂಟಕ್ಕೆ. ಊಟಕ್ಕೆ ಕೂರುವುದು ಅವರವರ ಗೂಟದ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಸಾಲಾಗಿ. ಮನೆಯ ಕೆಲಸವೆಲ್ಲ ಆ ಸಾಲಿನಲ್ಲೇ ಸಾಗುತ್ತಿತ್ತು. ಇವತ್ತು ನೀರು ಸೇದುವುದು ಅಪ್ಪ ಎಂದರೆ ನಾಳೆ ಅಣ್ಣ, ನಾಡಿದ್ದು ನಾನು, ಮತ್ತೆ ಅಪ್ಪ. ಅಜ್ಜಿಗೆ ಮಾತ್ರ ವಯಸ್ಸಿನ ಲೆಕ್ಕದಲ್ಲಿ ಕೆಲಸದಿಂದ ರಿಯಾಯಿತಿ. ಅಪ್ಪ ತನಗೆ ತಾನು ರಿಯಾಯಿತಿ ಕೊಟ್ಟುಕೊಂಡವನಲ್ಲ. ಜ್ವರ ಬಂದರೂ ತನ್ನ ಸರದಿಯ ನೀರನ್ನು ತಾನೇ ಸೇದಿದ. ಈ ಒಂದು ಗುಣಕ್ಕೆ ನಾನು ಅವನನ್ನು ಇವತ್ತಿಗೂ ಮೆಚ್ಚುತ್ತೇನೆ. ಅವನನ್ನು ಎದುರಿಸುವ ದಾರಿಯನ್ನೂ ಅದೇ ಗುಣ ನನಗೆ ತೋರಿಸಿತು.

ಅವ್ವನಿಗೆ ಗೂಟ ಇರಲಿಲ್ಲ. ಅವಳ ಸೀರೆ ಅಡುಗೆಮನೆಯ ಹಗ್ಗದ ಮೇಲೆ, ಅವಳ ಊಟ ಒಲೆಯ ಪಕ್ಕ, ಎಲ್ಲರದೂ ಆದ ಮೇಲೆ. ಯಾಕೆಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ.

“ಅವಳ್ಗೆ ಸರ್ದಿ ಕೊಟ್ರೆ ಮಿಕ್ಕ ದಿನ ಒಲೆ ಅಚ್ಚೋರು ಯಾರು?” ಎಂದಿದ್ದ ಅಪ್ಪ. ಅವನ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ದಿನವೂ ಒಬ್ಬಳೇ ಮಾಡುವ ಕೆಲಸಕ್ಕೆ ಸರದಿ ಎಲ್ಲಿಯದು?

ಗೂಟಗಳ ನಿಜವಾದ ಬೆಲೆ ಗೊತ್ತಾಗುತ್ತಿದ್ದದ್ದು ಆಶ್ವೀಜ ಹುಟ್ಟಿದ ಮೇಲೆ. ನವರಾತ್ರಿಯಿಂದ ಕೊಯ್ಲಿನವರೆಗೆ ಹೊಲ ಬಿಟ್ಟು ಮನೆಯವರೆಲ್ಲ ಒಟ್ಟಿಗೆ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಜೋಳ ಹಾಲುಗಾಳಾಗಿರುತ್ತಿತ್ತು. ಹಗಲು ಗಿಣಿಯ ಹಿಂಡು, ಕತ್ತಲಾದರೆ ಹಂದಿ. ಹಂದಿಯನ್ನು ಗಂಡಸರು ನೋಡಿಕೊಳ್ಳುತ್ತಿದ್ದರು. ಗಿಣಿ ಓಡಿಸುವುದು ಮನೆಮಂದಿಯ ಸರದಿ. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಬೇಕು, ತಗಡಿನ ಡಬ್ಬ ಬಡಿಯಬೇಕು. ನಗರದಲ್ಲಿ ಹಬ್ಬದ ಕಾಲದ ಗದ್ದಲವೆಲ್ಲ ನಡೆಯುತ್ತಿದ್ದದ್ದೂ ಅದೇ ವಾರಗಳಲ್ಲಿ. ಮೈದಾನದಲ್ಲಿ ಕುಸ್ತಿ, ಡೇರೆಯಲ್ಲಿ ಸರ್ಕಸ್ಸು, ಅಂಗಡಿಬೀದಿಯಲ್ಲಿ ಬೊಂಬೆ ಸಾಲು. ಅದಕ್ಕೆ ಅಪ್ಪ ಒಂದು ಕ್ರಮ ಮಾಡಿದ್ದ. ಭಾನುವಾರಕ್ಕೆ ಒಬ್ಬರು ಮಾತ್ರ ಹೋಗಬೇಕು. ಶನಿವಾರ ದೀಪ ಹಚ್ಚುವ ಹೊತ್ತಿಗೆ ಅವನು ಛತ್ರಿಯನ್ನು ಒಂದು ಗೂಟದಿಂದ ತೆಗೆದು ಮುಂದಿನ ಗೂಟಕ್ಕೆ ತೂಗುಹಾಕುತ್ತಿದ್ದ. ಯಾರ ಗೂಟದ ಮೇಲೆ ಛತ್ರಿಯೋ ಅವರು ಮಾರನೆಯ ದಿನ ರಾಜರು. ನೀರಿಲ್ಲ, ಗಿಣಿಯಿಲ್ಲ, ಸಗಣಿಯಿಲ್ಲ. ಮೊದಲ ಬಸ್ಸಿಗೆ ನಗರ, ಸಂಜೆಯ ಬಸ್ಸಿಗೆ ಮನೆ. ನಾನು ಚಿಕ್ಕವಳಾದ್ದರಿಂದ ನಮ್ಮೂರಿನವನೇ ಆದ ಕಂಡಕ್ಟರು ನನ್ನನ್ನು ಅಲ್ಲಿ ದೊಡ್ಡವ್ವನ ಮನೆಯ ಬಾಗಿಲಿಗೆ ಬಿಟ್ಟು, ಸಂಜೆ ಅಲ್ಲಿಂದಲೇ ಕರೆತರುತ್ತಿದ್ದ.

ಒಬ್ಬರೇ ಹೋಗುವುದಕ್ಕೆ ಒಂದು ಷರತ್ತಿತ್ತು. ಹೋದವರು ಅಂದಿನ ಊಟದ ಹೊತ್ತಿಗೆ ತಮ್ಮ ಗೂಟದ ಕೆಳಗೆ ನೆಟ್ಟಗೆ ನಿಂತು, ನೋಡಿದ್ದನ್ನು ಮನೆಗೆಲ್ಲ ಹೇಳಬೇಕು. ಅಪ್ಪ ಸೀಟಿಯನ್ನು ಒಂದು ಸಲ ಊದಿ, “ಏನ್ ನೋಡ್ದೆ?” ಎಂದು ಕೇಳುತ್ತಿದ್ದ. ಅಜ್ಜಿ ನಿಂತುಕೊಳ್ಳದೆ ಕೂತೇ ಹೇಳುತ್ತಿದ್ದಳು. ನಶ್ಯ ಏರಿಸುತ್ತ, ಡೇರೆ ಸಿನಿಮಾದಲ್ಲಿ ಸೊಸೆಯನ್ನು ಗೋಳುಹುಯ್ದುಕೊಂಡ ಅತ್ತೆಯ ಕಥೆ ಹೇಳಿ, ಅತ್ತೆಯದೇನೂ ತಪ್ಪಿಲ್ಲ ಎಂದು ಮುಗಿಸುತ್ತಿದ್ದಳು. ಅಪ್ಪ ನೋಡಿದ್ದೆಲ್ಲ ಎತ್ತಿನ ಜೋಡಿ, ನೇಗಿಲ ಅಂಗಡಿ. ನಂಜನ ವರದಿ ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗಲಿಲ್ಲ.

“ಏನ್ ನೋಡ್ದಲಾ?”

“ಜನ.”

“ಎಂತಾ ಜನ?”

“ಬಾಳ ಜನ.”

“ಅವ್ರೇನ್ ಮಾಡ್ತಿದ್ರು?”

“ಓಗ್ತಿದ್ರು, ಬತ್ತಿದ್ರು.”

ಅವ್ವ ಅಡುಗೆಮನೆಯ ಹೊಸ್ತಿಲಿನಲ್ಲಿ ಹಿಟ್ಟಿನ ಕೋಲು ಹಿಡಿದು ನಿಂತು ಕೇಳುತ್ತಿದ್ದಳು. ನಂಜ ಅಷ್ಟು ಹೇಳಿ ಕೂತ ಕೂಡಲೇ ತಿರುಗಿ ಒಳಗೆ ಹೋಗುತ್ತಿದ್ದಳು. ನನ್ನ ಸರದಿಯ ದಿನ ಹಾಗಲ್ಲ. ನಾನು ಬಸ್ಸಿನಲ್ಲಿ ಪಕ್ಕ ಕೂತವಳ ಮೂಗುತಿಯಿಂದ ಶುರುಮಾಡುತ್ತಿದ್ದೆ. ಒಲೆಯ ಮೇಲೆ ಎಸರು ಉಕ್ಕಿ ಹರಿದರೂ ಅವ್ವ ಹೊಸ್ತಿಲು ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ನಗರ ಕಂಡಿರಲಿಲ್ಲ. ಕಂಡಷ್ಟು ನನ್ನ ಬಾಯಲ್ಲೇ ಕಂಡಿದ್ದಳು. ಆದ್ದರಿಂದ ನಾನು ಅಲ್ಲಿ ಏನು ನೋಡುವಾಗಲೂ ಅವಳಿಗೆ ಹೇಗೆ ಹೇಳಲಿ ಎಂದುಕೊಂಡೇ ನೋಡುತ್ತಿದ್ದೆ.

ಒಂದು ವರ್ಷ, ದೀಪಾವಳಿಗೆ ಮುಂಚಿನ ಭಾನುವಾರ, ನನ್ನ ಸರದಿ. ದೊಡ್ಡವ್ವ ಮೈದಾನಕ್ಕೆ ಕರೆದುಕೊಂಡು ಹೋದಳು. ಮೈಸೂರಿನ ಕಡೆಯ ಯಾವುದೋ ಕಾಲೇಜಿನ ಹುಡುಗಿಯರು ಖೋಖೋ ಆಡುವುದಕ್ಕೆ ಬಂದಿದ್ದರು. ಜಡೆಯನ್ನು ಮೇಲಕ್ಕೆ ಕಟ್ಟಿ, ಮೊಣಕಾಲಿನವರೆಗಿನ ಚಡ್ಡಿ ತೊಟ್ಟು, ಸಾಲಾಗಿ ಮಂಡಿಯೂರಿ ಕೂತಿದ್ದರು. ಒಬ್ಬಳು ಓಡಿ ಬಂದು ಕೂತವಳ ಬೆನ್ನಿಗೆ ಅಂಗೈ ಬಡಿದು ಖೋ ಎಂದರೆ, ಅವಳು ಬಾಣದಂತೆ ಎದ್ದು ಹೋಗುತ್ತಿದ್ದಳು. ಬಡಿದವಳು ಆ ಜಾಗದಲ್ಲಿ ಕೂರುತ್ತಿದ್ದಳು. ಸರದಿ ಎಂದರೆ ಅದು ಎಂದು ನನಗೆ ಅನ್ನಿಸಿತು. ಒಬ್ಬಳು ಮಣ್ಣಿನ ಮೇಲೆ ಉದ್ದಕ್ಕೆ ಹಾರಿ ಬಿದ್ದು ಎದುರಾಳಿಯ ಹಿಮ್ಮಡಿ ಮುಟ್ಟಿದಳು. ಮೊಣಕೈ ತರಚಿ ರಕ್ತ ಬಂತು. ಅದನ್ನು ಅಂಗೈಯಿಂದ ಒರೆಸಿಕೊಂಡು ಮತ್ತೆ ಸಾಲಿಗೆ ಹೋಗಿ ಕೂತಳು. ಅಂದು ರಾತ್ರಿಯೂಟಕ್ಕೆ ಇಟ್ಟಿದ್ದ ಹುರುಳಿಸಾರು ತಣ್ಣಗಾಯಿತು. ನಾನು ನಡುಮನೆಯಲ್ಲಿ ಓಡಿ, ಕೂತು, ಬಿದ್ದು ತೋರಿಸಿದೆ.

“ಮೊಣ್‌ಕಾಲು ಕಾಣ್ತಿತ್ತಾ ಕೂಸೆ?” ಅಜ್ಜಿ ಕೇಳಿದಳು.

“ಕಾಣ್ತಿತ್ತು.”

“ಗಂಡಸ್ರು ಇದ್ರಾ ಅಲ್ಲಿ?”

“ಇದ್ರು. ಕೈ ತಟ್ಟುದ್ರು.”

“ಆಮ್ಯಾಕೆ?”

“ಆಮ್ಯಾಕೆ ಅವ್ರು ಗೆದ್ದ್‌ಬುಟ್ರು ಅಜ್ಜಿ.”

ಅವ್ವ ಹೊಸ್ತಿಲಿನಲ್ಲೇ ಕೂತುಬಿಟ್ಟಿದ್ದಳು. ಆಮೇಲೆ ಪಾತ್ರೆ ತೊಳೆಯುವಾಗ ನನ್ನನ್ನು ಹತ್ತಿರ ಕರೆದು, ಆ ಬಿದ್ದ ಹುಡುಗಿ ಮತ್ತೆ ಎದ್ದಳಾ, ಅತ್ತಳಾ ಎಂದು ಕೇಳಿದಳು. ಎದ್ದಳು, ಅಳಲಿಲ್ಲ ಎಂದೆ. ಅವರು ಬರುವ ವರ್ಷವೂ ಇದೇ ಭಾನುವಾರ ಬರುತ್ತಾರಂತೆ ಎಂದೂ ಹೇಳಿದೆ. ನವರಾತ್ರಿಯ ಮೊದಲ ಭಾನುವಾರ ಅಜ್ಜಿಯದು, ಆಮೇಲೆ ಅಪ್ಪ, ಆಮೇಲೆ ನಂಜ, ದೀಪಾವಳಿಯ ಹಿಂದಿನದು ನನ್ನದು. ಸಾಲು ತಪ್ಪದಿದ್ದರೆ ಅದು ನನಗೇ ಬರುತ್ತದೆ. ಅಪ್ಪನ ಸಾಲು ತಪ್ಪುವುದಿಲ್ಲ. ಇಡೀ ವರ್ಷ ನಾನು ಆ ಭಾನುವಾರವನ್ನು ಇಟ್ಟುಕೊಂಡು ಬದುಕಿದೆ. ಹೊಲದ ಬದುವಿನ ಮೇಲೆ ಓಡಿದೆ, ಬಣವೆಯ ಹುಲ್ಲಿನ ಮೇಲೆ ಹಾರಿ ಬೀಳುವುದನ್ನು ಕಲಿತೆ. ನಂಜ ಬೈದ. ಮೇವು ತುಳಿದರೆ ಹಸು ಮೂಸುವುದಿಲ್ಲ ಎಂದು ಅಜ್ಜಿಯೂ ಬೈದಳು.

ಆ ಭಾದ್ರಪದದ ಕೊನೆಗೆ ನಾನು ದೊಡ್ಡವಳಾದೆ. ಹಿತ್ತಲಿನಲ್ಲಿ ಹಸಿರು ಗರಿಯ ಗುಡ್ಲು ಕಟ್ಟಿ ಕೂರಿಸಿದರು. ಎಳ್ಳುಬೆಲ್ಲದ ಚಿಗಳಿ ತಿನ್ನಿಸಿದರು, ಆರತಿ ಎತ್ತಿದರು, ಊರಿನ ಹೆಂಗಸರು ಬಂದು ಹಾಡಿ ಹೋದರು. ಅದೆಲ್ಲ ಚೆನ್ನಾಗಿಯೇ ಇತ್ತು. ನವರಾತ್ರಿ ಕಳೆದು ಆ ದಿನಗಳು ಮುಗಿದ ಮೇಲೆ, ತಲೆಗೆ ನೀರು ಹಾಕಿಸಿಕೊಂಡು ನಡುಮನೆಗೆ ಬಂದೆ. ಹಳೆಯ ಲಂಗವನ್ನು ಗೂಟಕ್ಕೆ ಹಾಕಲು ಕೈ ಎತ್ತಿದರೆ ಗೂಟ ಇರಲಿಲ್ಲ. ಇದ್ದ ಜಾಗದಲ್ಲಿ ಅಂಗೈಯಗಲದ ಕೆಮ್ಮಣ್ಣು, ನುಣ್ಣಗೆ ಸವರಿದ್ದು, ಇನ್ನೂ ಹಸಿ. ಅಪ್ಪ ಮಾಡಿದ ಕೆಲಸ ಯಾವುದೂ ಒರಟಾಗಿರುತ್ತಿರಲಿಲ್ಲ.

“ನನ್ ಗೂಟ ಎಲ್ಲಪ್ಪ?”

“ಇನ್ಮ್ಯಾಕೆ ನಿಂದು ಒಳಗಡೆ ಕಣವ್ವ. ನಿಮ್ಮವ್ವನ್ ಜೊತ್ಗೆ ಅಗ್ಗದ್ ಮ್ಯಾಲ್ ಆಕು.”

“ನನ್ ಭಾನ್ವಾರ?”

“ದೊಡ್ಡೋಳಾಗಿ ಬಸ್ಸತ್ತಿ ನಗರ ಸುತ್ತಾಕೆ ಓಗ್ತಾರಾ ಯಾರಾರ? ಊರಲ್ಲಿ ಕೇಳ್ ನೋಡು.”

ಅಜ್ಜಿ ನಶ್ಯದ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು. ಅವ್ವ ಒಳಗೆ ಒಲೆ ಊದುತ್ತಿದ್ದಳು. ನಾನು ಒಲೆಯ ಹತ್ತಿರ ಹೋಗಿ ನಿಂತೆ. ಅವಳು ನನ್ನ ಮುಖ ನೋಡಲಿಲ್ಲ. ಒಲೆಯ ಬಾಯಲ್ಲಿ ಹುಣಸೆಯ ಕೊರಡೊಂದು ಉರಿಯುತ್ತಿತ್ತು. ಸಣ್ಣದು, ನುಣ್ಣಗೆ ಕೆತ್ತಿದ್ದು. ನನಗೆ ಅಳು ಬಂತು. ಅತ್ತರೆ ಅದು ಅಲ್ಲಿಗೇ ಮುಗಿಯುತ್ತದೆ ಎಂದು ಯಾಕೋ ತಿಳಿದು, ಅಳಲಿಲ್ಲ. ಆ ಮೈದಾನದ ಹುಡುಗಿ ಅತ್ತಿರಲಿಲ್ಲವಲ್ಲ.

ಮಾರನೆಯ ಬೆಳಿಗ್ಗೆ ಸೀಟಿ ಊದಿತು. ನಾನು ಎದ್ದೆ, ಚಾಪೆ ಸುತ್ತಿದೆ, ಕಂಬಳಿ ಮಡಿಸಿದೆ, ಕರಿಬೇವಿಗೆ ನೀರು ಚೆಲ್ಲಿದೆ. ಒಂದರಲ್ಲೂ ಕೊಂಕು ತೆಗೆಯುವ ಹಾಗಿರಲಿಲ್ಲ. ಆಮೇಲೆ ಅಡುಗೆಮನೆಯ ಹೊಸ್ತಿಲಿನ ಒಳಗೆ ಹೋಗಿ ಕೂತೆ. ಅಪ್ಪ ಕವಣೆ ತಂದು ನನ್ನ ಮುಂದೆ ಹಿಡಿದ.

“ಏಳು. ಗಿಣಿ ಬತ್ತವೆ. ಇವತ್ತು ನಿನ್ ಸರ್ದಿ.”

“ನಂಗ್ ಸರ್ದಿ ಎಲ್ಲದಪ್ಪ? ಗೂಟನೇ ಇಲ್ವಲ್ಲ.”

“ಅದು ಭಾನ್ವಾರದ್ದು. ಇದು ಒಲದ್ದು.”

“ಎಲ್ಡಕ್ಕೂ ಒಂದೇ ಗೂಟ ಇತ್ತು. ನೀನೇ ಒಡ್ದಿದ್ದು.”

ಅವನ ಕೈ ಮೇಲಕ್ಕೆದ್ದಿತು. ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ. ತೆರೆದಾಗ ಅವನು ಗೋಡೆಯನ್ನು ನೋಡುತ್ತ ನಿಂತಿದ್ದ. ಮೂರು ಗೂಟ, ಒಂದು ಮಣ್ಣಿನ ತೇಪೆ. ಅವನ ತಲೆಯೊಳಗೆ ಸಾಲು ಸಾಗುತ್ತಿರುವುದು ನನಗೆ ಕಾಣುತ್ತಿತ್ತು. ನಿನ್ನೆ ನಂಜ. ನಂಜನಾದ ಮೇಲೆ ನಾನು. ನಾನಿಲ್ಲದಿದ್ದರೆ, ಕೆಲಸದಿಂದ ರಿಯಾಯಿತಿಯಿರುವ ಅಜ್ಜಿಯನ್ನು ದಾಟಿ, ಅಪ್ಪ. ಬೇರೆ ಅಪ್ಪಂದಿರಾಗಿದ್ದರೆ ನನ್ನ ಜುಟ್ಟು ಹಿಡಿದು ಹೊಲಕ್ಕೆ ದಬ್ಬುತ್ತಿದ್ದರು. ನಮ್ಮಪ್ಪ ಸರದಿಯಿಲ್ಲದವರನ್ನು ಸರದಿಗೆ ಕಳಿಸುವವನಲ್ಲ. ಕವಣೆ ಹೆಗಲಿಗೆ ಹಾಕಿಕೊಂಡು ತಾನೇ ಹೊರಟ.

ಕವಣೆ ಅವನಿಗೆ ಒಗ್ಗದ ಕೆಲಸ. ಕಲ್ಲು ಒಂದು ಕಡೆ, ಗಿಣಿ ಒಂದು ಕಡೆ. ತನ್ನ ಸರದಿಯ ದಿನಗಳಲ್ಲಿ ಡಬ್ಬ ಬಡಿದೇ ಹೇಗೋ ನಿಭಾಯಿಸುತ್ತಿದ್ದ, ಮಾರನೆಯ ದಿನ ಹೋದ ನಾವು ಸರಿಮಾಡುತ್ತಿದ್ದೆವು. ಈಗ ದಿನ ಬಿಟ್ಟು ದಿನ ಅವನೇ ನಿಲ್ಲಬೇಕಾಯಿತು. ಅಟ್ಟಣೆಯ ಮೇಲೆ ಸೀಟಿ ಊದಿ ನೋಡಿದ. ಗಿಣಿಗಳು ಒಂದು ಸಲ ಹಾರಿ, ಅದೇನೆಂದು ತಿಳಿದುಕೊಂಡು, ಮತ್ತೆ ಬಂದು ಕೂತವು. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ಕೇಳಿದನಂತೆ.

“ಏನ್ ಮಿಲ್ಟ್ರಿ, ಗಿಣಿಗೆ ಡ್ರಿಲ್ಲು ಕಲುಸ್ತಿದ್ದೀಯಾ? ಮಗಳೆಲ್ಲಿ?”

“ಒಳಗಡೆ ಅವ್ಳೆ.”

“ಒಳಗಡೆ ಗಿಣಿ ಇದ್ದವಾ?”

ಇದನ್ನು ನಂಜ ಬಂದು ಹೇಳಿದಾಗ ಅಜ್ಜಿ ನಕ್ಕ ನಗುವಿಗೆ ನಶ್ಯ ನೆತ್ತಿಗೇರಿತು.

ಊಟದ್ದು ಇನ್ನೊಂದು ಕಥೆ. ಗೂಟವಿಲ್ಲದವಳು ಗೂಟದ ಕೆಳಗೆ ಕೂರುವುದು ಹೇಗೆ? ತಟ್ಟೆ ಎತ್ತಿಕೊಂಡು ಅವ್ವನ ಹತ್ತಿರ ಒಲೆಯ ಪಕ್ಕ ಕೂತೆ. ಅಲ್ಲಿ ನೆಟ್ಟಗೆ ಕೂರಬೇಕೆಂಬ ನಿಯಮವಿರಲಿಲ್ಲ, ಮಾತಾಡದೆ ತಿನ್ನಬೇಕೆಂಬ ನಿಯಮವೂ ಇರಲಿಲ್ಲ. ಹಿಟ್ಟು ಕೋಲಿಗೆ ಅಂಟಿಕೊಂಡಿರುತ್ತಿತ್ತು. ಅದನ್ನು ಬಿಸಿಬಿಸಿಯಾಗಿ ಕಿತ್ತು ಹುಚ್ಚೆಳ್ಳು ಚಟ್ನಿಗೆ ಅದ್ದಿ ತಿನ್ನುವ ಸುಖ ನಡುಮನೆಯವರಿಗೆ ಗೊತ್ತೇ ಇರಲಿಲ್ಲ. ಅವ್ವ ತನ್ನ ತವರಿನ ಕಥೆ ಹೇಳಿದಳು. ಅವಳು ಹುಡುಗಿಯಾಗಿದ್ದಾಗ ಕುಂಟೆಬಿಲ್ಲೆಯಲ್ಲಿ ಊರನ್ನೇ ಸೋಲಿಸಿದ್ದಳಂತೆ. ಇಬ್ಬರೂ ನಕ್ಕೆವು. ಒಂದು ದಿನ ಅಜ್ಜಿ ಗೂಟದ ಕೆಳಗಿನಿಂದ ಎದ್ದು, ಗೋಡೆ ಹಿಡಿದುಕೊಂಡು ತಟ್ಟೆಸಮೇತ ಒಳಗೆ ಬಂದಳು.

“ಅದೇನ್ರಮ್ಮಿ ನಗ್ತಿದ್ದೀರಿ, ನಂಗೂ ಯೋಳಿ. ಅಲ್ಲಿ ಸಾವಿನ್ ಮನೆ ಆಗದೆ.”

ಅಲ್ಲಿಗೆ ನಡುಮನೆಯಲ್ಲಿ ಉಳಿದವರು ಅಪ್ಪ ಮತ್ತು ನಂಜ. ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು, ಎದುರು ಗೋಡೆ ನೋಡುತ್ತ ಉಣ್ಣುತ್ತಿದ್ದರು. ನಂಜನ ಭಾನುವಾರ ಬಂತು. ಅವನು ನಗರಕ್ಕೆ ಹೋಗಿ ಬಂದು ತನ್ನ ಗೂಟದ ಕೆಳಗೆ ನಿಂತ. ಅಪ್ಪ ಸೀಟಿ ಊದಿ, “ಏನ್ ನೋಡ್ದಲಾ?” ಎಂದ. “ಜನ” ಎಂದ ನಂಜ. ಹೊಸ್ತಿಲಿನಲ್ಲಿ ಯಾರೂ ಇರಲಿಲ್ಲ. ಒಳಗೆ ನಾವು ಮೂವರು ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆವು. ಆದರೂ ನಗು ಹೊರಗೆ ಬಂತು.

ಮರುದಿನ ಅಪ್ಪ ರಾಜಿಗೆ ಬಂದ. ನನ್ನನ್ನು ಹಿತ್ತಲಿಗೆ ಕರೆದು, ಕೆತ್ತುತ್ತಿದ್ದ ಹುಣಸೆಯ ತುಂಡನ್ನು ತೋರಿಸಿದ.

“ಗೂಟ ಒಡ್ದ್‌ಕೊಡ್ತೀನಿ. ಒಲುಕ್ಕೋಗು. ಊಟುಕ್ಕೆ ಸಾಲಲ್ ಕೂತ್ಕೊ. ಛತ್ರಿ ಮಾತ್ರ ಕೇಳ್ಬೇಡ.”

“ಛತ್ರಿ ಬರ್ದೆ ಇರೋ ಗೂಟ ನಂಗ್ಯಾಕಪ್ಪ?”

“ಅಲ್ಲ ಕಣವ್ವ, ಊರೋರು ಏನಂದಾರು?”

“ನೀನು ಅಟ್ಟಣೆ ಮ್ಯಾಲ್ ನಿಂತ್ರೆ ಏನಂತಾರೋ ಅದ್ನೆ.”

ಅವನಿಗೆ ನಿಜವಾಗಿಯೂ ನೋವಾಯಿತು. ಹುಣಸೆಯ ತುಂಡನ್ನು ಬಿಸಾಡಿ ಎದ್ದುಹೋದ. ಆದರೆ ಒಪ್ಪಿಕೊಂಡಿದ್ದರೆ ನನ್ನ ಪಾಲಿಗೆ ಕೆಲಸ ಉಳಿಯುತ್ತಿತ್ತು, ಭಾನುವಾರ ಹೋಗುತ್ತಿತ್ತು. ನಮ್ಮ ಸೀಮೆಯ ಹೆಣ್ಣುಮಕ್ಕಳು ಆ ಲೆಕ್ಕಕ್ಕೆ ಒಪ್ಪಿಕೊಂಡೇ ಮುದುಕಿಯರಾಗಿದ್ದರು. ನಾನು ಒಪ್ಪಲಿಲ್ಲ. ಮುಂದೆ ಕೆಲಸದಲ್ಲಿ, ಮದುವೆಯಲ್ಲಿ, ಊರಿನ ಪಂಚಾಯಿತಿಯ ಜಗಲಿಯಲ್ಲಿ ಅದೇ ಲೆಕ್ಕವನ್ನು ಬೇರೆ ಬೇರೆ ಬಾಯಿಗಳು ನನ್ನ ಮುಂದಿಟ್ಟಿವೆ. ಪ್ರತಿ ಸಲವೂ ಆ ಹಿತ್ತಲಿನಲ್ಲಿ ಹೇಳಿದ್ದನ್ನೇ ಹೇಳಿದ್ದೇನೆ.

ಶನಿವಾರ ಬಂತು. ನಾಳೆ ದೀಪಾವಳಿಗೆ ಮುಂಚಿನ ಭಾನುವಾರ. ಮಧ್ಯಾಹ್ನದಿಂದ ಹಿಂಗಾರಿನ ಮಳೆ ಜಿನುಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅಪ್ಪ ಎಂದಿನಂತೆ ಸೀಟಿ ಊದಿ, ನಂಜನ ಗೂಟದಿಂದ ಛತ್ರಿ ತೆಗೆದ. ನಾಲ್ಕನೆಯದು ಇಲ್ಲವಾದ್ದರಿಂದ ಇನ್ನು ಅದು ತಿರುಗಿ ಅಜ್ಜಿಯ ಗೂಟಕ್ಕೆ ಹೋಗಬೇಕು. ನಾನು ಹೊಸ್ತಿಲಿನ ಒಳಗೆ ನಿಂತಿದ್ದೆ. ಅತ್ತಿರಲಿಲ್ಲ, ಆದರೆ ಅಂದು ಮಧ್ಯಾಹ್ನ ಉಂಡಿರಲೂ ಇಲ್ಲ. ಇನ್ನೊಂದು ವರ್ಷ ಕಾಯಬೇಕೆಂದರೆ ಕಾಯಬಹುದಿತ್ತು. ಇನ್ನೊಂದು ವರ್ಷಕ್ಕೆ ನನ್ನನ್ನು ಯಾರದೋ ಮನೆಯ ಒಲೆಯ ಮುಂದೆ ಕೂರಿಸಿರುತ್ತಾರೆ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಅವ್ವ ರಾಗಿ ಹಿಟ್ಟಿನ ಮೊರ ಪಕ್ಕಕ್ಕಿಟ್ಟು, ಕೋಲು ಕೈಗೆ ತೆಗೆದುಕೊಂಡಳು. ಗಡಿಗೆಗೆ ಹಾಕಲಿಲ್ಲ. ಖಾರ ಅರೆಯುವ ಗುಂಡುಕಲ್ಲನ್ನು ಇನ್ನೊಂದು ಕೈಗೆ ತೆಗೆದುಕೊಂಡು ನನ್ನನ್ನು ದಾಟಿ ನಡುಮನೆಗೆ ಹೋದಳು. ಅಪ್ಪ ಛತ್ರಿ ಹಿಡಿದು ನಿಂತಿದ್ದ. ಅವಳು ಅವನ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ, ಕೋಲಿನ ಸಣ್ಣ ತುದಿಯನ್ನು ಆ ತೇಪೆಗೆ ಇಟ್ಟು, ಗುಂಡುಕಲ್ಲಿನಿಂದ ಬಡಿಯತೊಡಗಿದಳು. ಮಳೆಗಾಲದಲ್ಲಿ ಮೆತ್ತಿದ ಮಣ್ಣು ಒಳಗೆ ಇನ್ನೂ ಹಸಿಯಿತ್ತು. ಕೋಲು ನಾಲ್ಕು ಪೆಟ್ಟಿಗೆ ಸಲೀಸಾಗಿ ಒಳಗೆ ಹೋಯಿತು. ಆಮೇಲೂ ಅವಳು ಬಡಿಯುತ್ತಲೇ ಇದ್ದಳು. ಹೆಂಚಿನಿಂದ ಧೂಳು ಉದುರಿತು.

“ಏನಮ್ಮಿ ಇದು?” ಎಂದ ಅಪ್ಪ.

“ಕೂಸಿನ್ ಗೂಟ ನನ್ ಕೈಲಿ ಒಲೆಗೆ ಆಕುಸ್ದೆ. ಈಗ ಒಲೆದು ಗೋಡೆಗ್ ಬತ್ತು.”

“ಇಟ್ಟು ತೊಳಸೋದು ಎಂಗೆ?”

“ಇವತ್ತು ಇಟ್ಟಿಲ್ಲ. ನಾಳೆನೂ ಇಲ್ಲ.”

ಒಳಗೆ ಎಸರು ಉಕ್ಕಿ ಒಲೆಗೆ ಚೆಲ್ಲಿದ ಸದ್ದಾಯಿತು. ಅಪ್ಪ ಕೋಲನ್ನು ಅಲುಗಿಸಿ ನೋಡಿದ. ಅಲುಗಲಿಲ್ಲ. ಸಾಲಿನಲ್ಲಿ ನಂಜನದಾದ ಮೇಲೆ ಅದೇ ಇತ್ತು. ಅಳತೆ ತಪ್ಪಿತ್ತು, ಸೊಟ್ಟಗಿತ್ತು, ರಾಗಿ ಮೆತ್ತಿತ್ತು, ಆದರೆ ಗೂಟ ಇರಬೇಕಾದ ಜಾಗದಲ್ಲಿ ಇತ್ತು.

“ನೋಡ್ತಾ ನಿಂತ್ಕಂಡ್ರೆ ಎಂಗ್ಲಾ ಮಾದ” ಎಂದು ಮಗನಿಗೆ ಹೇಳಿದಳು ಅಜ್ಜಿ. “ನನ್ ಭಾನ್ವಾರ ಓದ್ರೆ ಓಯ್ತು, ಬುಡು. ಸಾಲು ಅಂದ್ರೆ ಸಾಲು. ತಗುಲಾಕು.”

ಅವನು ಛತ್ರಿಯನ್ನು ಕೋಲಿಗೆ ತಗುಲಿಹಾಕಿದ. ಅದು ಜಾರಿ ತುದಿಯವರೆಗೆ ಬಂದು ನಿಂತಿತು.

“ಇದು ಯಾರ್ ಗೂಟ? ಮಗಳ್ದಾ, ನಿಂದಾ?” ಎಂದು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಾಲು ಸರಿಯಾಗಬೇಕಿತ್ತು, ಅಷ್ಟೆ.

ಅವ್ವ ಗುಂಡುಕಲ್ಲನ್ನು ಸೆರಗಿನಿಂದ ಒರೆಸಿದಳು.

“ಜಾಗ ಅವ್ಳದು. ಕೋಲು ನಂದು. ಛತ್ರಿ ದೊಡ್ದಾಗೇ ಅದಲ್ಲ.”

ಬೆಳಿಗ್ಗೆ ಮೊದಲ ಬಸ್ಸಿಗೆ ನಾವಿಬ್ಬರೂ ಹೋದೆವು. ಕಂಡಕ್ಟರು ಅವ್ವನನ್ನು ನೋಡಿ, ಯಾರಿಗಾದರೂ ಮೈ ಹುಷಾರಿಲ್ಲವಾ, ಆಸ್ಪತ್ರೆಗಾ ಎಂದು ಕೇಳಿದ. ಹೆಂಗಸೊಬ್ಬಳು ಗಡಿ ದಾಟಿ ನಗರಕ್ಕೆ ಹೋಗುವುದಕ್ಕೆ ಅವನಿಗೆ ಬೇರೆ ಕಾರಣ ಗೊತ್ತಿರಲಿಲ್ಲ. “ಸುಮ್ಕೆ ಓಗ್ತಿದ್ದೀವಿ ಕಣಪ್ಪ” ಎಂದಳು ಅವ್ವ. ಆ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ, ದಾರಿಯುದ್ದಕ್ಕೂ ಯಾರು ಕೇಳಿದರೂ ಕೇಳದಿದ್ದರೂ ಅದನ್ನೇ ಹೇಳಿದಳು. ಮೈದಾನದಲ್ಲಿ ಮಳೆ ನಿಂತು ನೆಲ ಮೆತ್ತಗಾಗಿತ್ತು. ಹುಡುಗಿಯರು ಬಂದಿದ್ದರು. ಅವ್ವ ದೊಡ್ಡವ್ವನ ಪಕ್ಕ ಕೂರಲಿಲ್ಲ. ಹಗ್ಗದ ಹತ್ತಿರ ಹೋಗಿ, ಮುಚ್ಚಿದ ಛತ್ರಿಯನ್ನು ನೆಲಕ್ಕೆ ಊರಿ, ಆಟ ಮುಗಿಯುವವರೆಗೆ ನಿಂತೇ ಇದ್ದಳು. ನಾನು ಏನೋ ವಿವರಿಸಲು ಹೋದರೆ ಕೈ ಅಡ್ಡ ಹಿಡಿದಳು. ಮೊದಲ ಸಲ ಅವಳಿಗೆ ನನ್ನ ಬಾಯಿ ಬೇಕಾಗಿರಲಿಲ್ಲ.

ಮನೆಯಲ್ಲಿ ಅಪ್ಪ ಪಟಾಲಮ್ಮಿನ ವಿದ್ಯೆ ತೆಗೆದು ಅನ್ನ, ತಿಳಿಸಾರು ಮಾಡಿಟ್ಟಿದ್ದ. ಅನ್ನ ಚೆನ್ನಾಗಿತ್ತು. ಹದಿನೈದು ದಿನದಿಂದ ಖಾಲಿ ಇದ್ದ ನನ್ನ ಜಾಗದಲ್ಲಿ ಎರಡು ತಟ್ಟೆ ಹಾಕಿದ್ದ, ಅಕ್ಕಪಕ್ಕ, ಅಂಚಿಗೆ ಅಂಚು ಕೂಡಿಸಿ. ಅವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಳು. ತಲೆಯ ಮೇಲೆ ಅವಳ ಕೋಲು, ಕೋಲಿನಲ್ಲಿ ನೀರು ತೊಟ್ಟಿಕ್ಕುವ ಛತ್ರಿ. ಅಪ್ಪ ಸೀಟಿ ಊದಿದ. ಅಜ್ಜಿ ಡಬ್ಬಿ ಮುಚ್ಚಿ ಮುಂದಕ್ಕೆ ಬಾಗಿದಳು. ನಂಜ ಕೂಡ ತುತ್ತು ನಿಲ್ಲಿಸಿದ.

“ಏನ್ ನೋಡ್ದೆ?”

ಅವ್ವ ಎಲ್ಲರನ್ನೂ ಒಂದು ಸಲ ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ತುಟಿಯ ತುದಿಯಲ್ಲಿ ನಗು ಬಂತು.

“ಯೋಳಲ್ಲ” ಎಂದಳು. “ಇಷ್ಟ್ ವರ್ಸ ನೀವು ನೋಡುದ್ದ ಕೇಳ್ದೆ. ಇದು ನಾನ್ ನೋಡುದ್ದು. ನನ್ ತಾವೇ ಇರ್ಲಿ.”

ನೆಟ್ಟಗೆ ಕೂತು, ಅನ್ನಕ್ಕೆ ಸಾರು ಹಾಕಿಸಿಕೊಂಡಳು. ಅಪ್ಪ ಬಡಿಸಿದ.

ಸೋಮವಾರ ಬೆಳಿಗ್ಗೆ ಸೀಟಿ ಊದುವುದಕ್ಕೆ ಮುಂಚೆಯೇ ನನಗೆ ಎಚ್ಚರವಾಯಿತು. ಯಾರೋ ಹಿಂದಿನಿಂದ ಬಂದು ಬೆನ್ನಿಗೆ ಅಂಗೈಯಿಂದ ಚಟ್ಟನೆ ಬಡಿದರು. ಒಲೆಯ ಹೊಗೆಯ ವಾಸನೆಯ ಕೈ.

“ಕೋ” ಎಂದಳು ಅವ್ವ.

ನಾನು ಕವಣೆ ಎತ್ತಿಕೊಂಡು ಹೊಲಕ್ಕೆ ಓಡಿದೆ. ಅಂದು ನನ್ನ ಸರದಿ.